ಫೋಟೊ ತೆಗೆದ ಮೇಲೂ ಉಳಿಯುವ ಸೇವೆ

ಶಾಲೆ, ಕಾಲೇಜುಗಳಲ್ಲಿ ಸ್ವಯಂಸೇವೆಯನ್ನು ಗಟ್ಟಿಯಾಗಿ ಕಟ್ಟುವುದು ಹೇಗೆ? ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಪೋಷಕರಿಗೊಂದು ಕೈಪಿಡಿ

ಜೂನ್ 5 ಬಂತೆಂದರೆ ಶಾಲೆ, ಕಾಲೇಜುಗಳ ಆವರಣದಲ್ಲಿ ಗಿಡ ನೆಡುವ ಸಂಭ್ರಮ. ಬ್ಯಾನರ್ ಕಟ್ಟುತ್ತಾರೆ, ಅತಿಥಿಗಳು ಬರುತ್ತಾರೆ, ಒಂದು ಸಸಿಗೆ ಹತ್ತು ಕೈ ಸೇರುತ್ತವೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಮುಂದಿನ ವರ್ಷ ಹೊಸ ಸಸಿಗೆ ಗುಂಡಿ ತೋಡುವ ಕಷ್ಟವಿಲ್ಲ, ಹಳೆಯ ಗುಂಡಿಯೇ ಖಾಲಿ ಇರುತ್ತದೆ. ಗಾಂಧಿ ಜಯಂತಿಯಂದು ಗುಡಿಸಿದ ಬಸ್ ನಿಲ್ದಾಣದಲ್ಲಿ ಅಕ್ಟೋಬರ್ 3ರ ಸಂಜೆಗೆ ಮತ್ತೆ ಅದೇ ಕಸ. ಇದನ್ನು ನೋಡಿ ಮೂಗು ಮುರಿಯುವುದು ಸುಲಭ. ಆದರೆ ಮಕ್ಕಳ ಉತ್ಸಾಹ ಅಸಲಿಯೇ. ಕೊರತೆ ಇರುವುದು ನಾವು ಆ ಉತ್ಸಾಹಕ್ಕೆ ಕೆಲಸ ಹಚ್ಚುವ ರೀತಿಯಲ್ಲಿ.

ಒಂದೇ ಜಾಗ, ಒಂದೇ ಕೆಲಸ, ಇಡೀ ವರ್ಷ. ಅದಕ್ಕೊಂದು ಲೆಕ್ಕದ ಪುಸ್ತಕ. ಜೊತೆಗೆ, ಆ ಕೆಲಸದ ಹೊಣೆ ಹೊತ್ತ ಕಚೇರಿಗೆ ಹೋಗಿ ಕೇಳುವ ಧೈರ್ಯ. ಇಷ್ಟು ಸೇರಿದರೆ ಸ್ವಯಂಸೇವೆ ನಾಗರಿಕ ಹೊಣೆಯ ಪಾಠವಾಗುತ್ತದೆ. ಅದನ್ನು ನಮ್ಮ ಶಾಲೆ, ಕಾಲೇಜುಗಳಲ್ಲಿ ಮಾಡುವುದು ಹೇಗೆಂದು ನೋಡೋಣ.

ಹೊಸ ಸಂಘ ಬೇಡ, ಇರುವುದನ್ನು ನಡೆಸಿ

ಅನೇಕ ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಈಗಾಗಲೇ ಇದೆ. ಅದು ಆರಂಭವಾದದ್ದು ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗ 37 ವಿಶ್ವವಿದ್ಯಾಲಯಗಳ ಸುಮಾರು 40 ಸಾವಿರ ವಿದ್ಯಾರ್ಥಿಗಳಿದ್ದರು. ಚಾಲನೆ ಕೊಟ್ಟ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞರು. ಮುಂದೆ ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರು.

ಎನ್ನೆಸ್ಸೆಸ್‌ನ ನಿಯಮಗಳಲ್ಲೇ ಒಳ್ಳೆಯ ಯೋಜನೆಯೊಂದು ಅಡಗಿದೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಏಳು ದಿನಗಳ ಒಂದು ವಿಶೇಷ ಶಿಬಿರದಲ್ಲೂ ಭಾಗವಹಿಸಬೇಕು. ಎನ್ನೆಸ್ಸೆಸ್ ಕೈಪಿಡಿಯ ಹಂಚಿಕೆಯಂತೆ ಆ 120ರಲ್ಲಿ 20 ಗಂಟೆ ತರಬೇತಿಗೆ, ಹೆಚ್ಚೆಂದರೆ 30 ಗಂಟೆ ಕಾಲೇಜು ಆವರಣದ ಕೆಲಸಕ್ಕೆ. ಉಳಿದ 70 ಗಂಟೆ ಜನರ ನಡುವೆ ಕಳೆಯಬೇಕು. ಕಾಲೇಜು ನಡೆಯುವ ಸುಮಾರು 40 ವಾರಗಳಿಗೆ ಹಂಚಿದರೆ ಒಟ್ಟು ಹೊರೆ ವಾರಕ್ಕೆ ಮೂರೇ ಗಂಟೆ. ಎಷ್ಟೋ ಕಡೆ ಈ ಗಂಟೆಗಳು ಕಾಲೇಜು ಸಮಾರಂಭಕ್ಕೆ ಕುರ್ಚಿ ಜೋಡಿಸುವುದರಲ್ಲಿ, ಅತಿಥಿಗಳಿಗೆ ನೀರಿನ ಬಾಟಲಿ ಹಂಚುವುದರಲ್ಲಿ ಕಳೆದುಹೋಗುತ್ತವೆ. ಕಾರ್ಯಕ್ರಮಾಧಿಕಾರಿಗಳು ವರ್ಷದ ಆರಂಭದಲ್ಲೇ ಆ 70 ಗಂಟೆಯನ್ನು ಬೇರೆ ಎತ್ತಿಟ್ಟರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಶಾಲೆಗಳಿಗೂ ದಾರಿಗಳಿಗೆ ಕೊರತೆಯಿಲ್ಲ. ದೇಶದ ಮೊದಲ ಸ್ಕೌಟ್ ದಳ 1909ರಲ್ಲಿ ಹುಟ್ಟಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಆ ಪರಂಪರೆಯ ಭಾರತ ಸೇವಾದಳ ಇಂದಿಗೂ ನಮ್ಮ ಶಾಲೆಗಳಲ್ಲಿದೆ. ಜೂನಿಯರ್ ರೆಡ್‌ಕ್ರಾಸ್, ಇಕೋ ಕ್ಲಬ್, ಶಾಲಾ ಸಂಸತ್ತು ಇವೆ. ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ ಎಂದು ಪ್ರಮಾಣವಚನ ಸ್ವೀಕರಿಸಿದ ಮಕ್ಕಳಿಗೆ ಮರುದಿನದಿಂದ ಖಾತೆಯೇ ಇರುವುದಿಲ್ಲ. ಅವರಿಗೆ ನಿಜವಾದ ಕೆಲಸ ಕೊಡಿ, ಸಾಕು.

ಕೆಲಸ ಆರಿಸುವ ಮುನ್ನ ಊರು ಸುತ್ತಿ

ಯಾವ ಕೆಲಸ ಮಾಡಬೇಕೆಂದು ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ತೀರ್ಮಾನಿಸಬೇಡಿ. ಜೂನ್ ತಿಂಗಳ ಒಂದು ಶನಿವಾರ ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಮಾಡಿ, ಶಾಲೆಯಿಂದ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ನಡೆಸಿ. ಕೈಯಲ್ಲಿ ನೋಟ್‌ಬುಕ್ ಇರಲಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ನೀರುಗಂಟಿ ಮತ್ತು ಪೌರಕಾರ್ಮಿಕರು, ಈ ನಾಲ್ವರನ್ನು ತಪ್ಪದೆ ಮಾತನಾಡಿಸಿ. ಊರಿನ ಆರೋಗ್ಯ, ನೀರು, ಕಸ, ಕೂಸುಗಳ ವಿಚಾರ ಇವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. 'ನಿಮ್ಮ ಕೆಲಸದಲ್ಲಿ ಕಷ್ಟ ಯಾವುದು?' ಎಂಬ ಒಂದೇ ಪ್ರಶ್ನೆ ಸಾಕು.

ಹಿಂತಿರುಗಿದ ಮೇಲೆ ಪಟ್ಟಿಯಲ್ಲಿರುವ ಪ್ರತಿ ಕೆಲಸವನ್ನೂ ನಾಲ್ಕು ಪ್ರಶ್ನೆಗಳಿಂದ ಸೋಸಿ:

• ಇದು ನಮಗೆ ಮಾತ್ರವಲ್ಲ, ಊರಿನವರಿಗೂ ನಿಜವಾಗಿ ಬೇಕೇ?
• ನಮ್ಮ ಮಕ್ಕಳ ವಯಸ್ಸಿಗೆ, ಸುರಕ್ಷತೆಗೆ ಹೊಂದುತ್ತದೆಯೇ?
• ವರ್ಷವಿಡೀ ಮತ್ತೆ ಮತ್ತೆ ಅಲ್ಲಿಗೆ ಹೋಗಲು ಸಾಧ್ಯವೇ?
• ಮಾಡಿದ್ದರಿಂದ ಏನು ಬದಲಾಯಿತು ಎಂದು ಎಣಿಸಿ ಹೇಳಬಹುದೇ?

ನಾಲ್ಕಕ್ಕೂ ಹೌದು ಎನ್ನಿಸುವ ಕೆಲಸಗಳು ಒಂದೆರಡೇ ಉಳಿಯುತ್ತವೆ. ಅವನ್ನೇ ಹಿಡಿಯಿರಿ. ಹತ್ತು ದಿನಾಚರಣೆಗಳಿಗಿಂತ ಈ ಒಂದು ಕೆಲಸ ಮೇಲು.

ಒಂದು ಮಾದರಿ: ಮಳೆಗಾಲದ ಲಾರ್ವಾ ಸಮೀಕ್ಷೆ

ಪ್ರೌಢಶಾಲೆಯಿಂದ ಪದವಿಯವರೆಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸವಿದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಚರಂಡಿಯ ಕೊಳಚೆಗಿಂತ ಮನೆಯ ಒಳಗೆ, ಸುತ್ತಮುತ್ತ ನಿಂತ ತಿಳಿನೀರೇ ಅದಕ್ಕೆ ಇಷ್ಟ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೀರಿನ ತೊಟ್ಟಿ, ಡ್ರಮ್ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿದರೆ ಅದರ ಸಂತಾನ ಅಲ್ಲಿಗೇ ನಿಲ್ಲುತ್ತದೆ. ಉಜ್ಜುವುದು ಮುಖ್ಯ, ಏಕೆಂದರೆ ಮೊಟ್ಟೆಗಳು ನೀರಿನ ಮಟ್ಟದ ಅಂಚಿಗೆ ಅಂಟಿಕೊಂಡಿರುತ್ತವೆ; ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದಾಗ ಒಡೆಯುತ್ತವೆ.

ಮೂವರ ತಂಡ ಮಾಡಿ. ಒಬ್ಬರು ಮಾತನಾಡಲು, ಒಬ್ಬರು ಟಾರ್ಚ್ ಹಿಡಿಯಲು, ಒಬ್ಬರು ಬರೆಯಲು. ಮೊದಲ ಸಲ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಬಾಗಿಲುಗಳು ಬೇಗ ತೆರೆಯುತ್ತವೆ. 'ಅಮ್ಮಾ, ನಾವು ಇಲ್ಲೇ ಹೈಸ್ಕೂಲಿನವರು. ನಿಮ್ಮ ನೀರಿನ ತೊಟ್ಟಿ ಒಂದ್ಸಲ ನೋಡಬಹುದಾ?' ಎಂದು ಕೇಳಿ, ಅವರು ಒಪ್ಪಿದರೆ ಮಾತ್ರ ಒಳಗೆ ಹೋಗಲಿ. ನೋಡಬೇಕಾದ ಜಾಗಗಳು: ಬಚ್ಚಲಿನ ತೊಟ್ಟಿ, ಸಿಮೆಂಟ್ ಟ್ಯಾಂಕ್, ಡ್ರಮ್, ಹಳೆಯ ಟೈರು, ತೆಂಗಿನ ಚಿಪ್ಪು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಮಲೆನಾಡು, ಕರಾವಳಿಯಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು. ಲಾರ್ವಾ ಇದ್ದರೆ ನೀರಿನ ಮೇಲ್ಮೈಯಿಂದ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಟಾರ್ಚ್ ಬೆಳಕು ಬಿದ್ದೊಡನೆ ಬಳುಕುತ್ತಾ ತಳಕ್ಕಿಳಿಯುತ್ತದೆ. ಒಂದನ್ನು ಬಿಳಿ ಬಟ್ಟಲಿಗೆ ಹಾಕಿ ಮನೆಯವರಿಗೆ ತೋರಿಸಿ. ಹತ್ತು ಕರಪತ್ರ ಓದಿ ಆಗದ ಕೆಲಸ ಆ ಒಂದು ನೋಟದಲ್ಲಿ ಆಗುತ್ತದೆ.

ಇನ್ನು ಲೆಕ್ಕ. ತಂಡ 40 ಮನೆ ನೋಡಿ 6ರಲ್ಲಿ ಲಾರ್ವಾ ಕಂಡರೆ ಮನೆ ಸೂಚ್ಯಂಕ ಶೇ 15. ಆರೋಗ್ಯ ಇಲಾಖೆಯೂ ಸಮೀಕ್ಷೆಯಲ್ಲಿ ಲೆಕ್ಕ ಹಾಕುವುದು ಹೀಗೆಯೇ. ಮುಂದಿನ ವಾರ ಅದೇ ಮನೆಗಳಿಗೆ ಮತ್ತೆ ಹೋಗಿ. ಸೂಚ್ಯಂಕ ಇಳಿದಿದೆಯೇ, ಏರಿದೆಯೇ ಎಂಬ ನಕ್ಷೆಯನ್ನು ಶಾಲೆಯ ಸೂಚನಾ ಫಲಕಕ್ಕೆ ಹಾಕಿ, ಅದರ ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಶೇಕಡಾವಾರು ಲೆಕ್ಕ, ಜೀವಶಾಸ್ತ್ರ, ಅಪರಿಚಿತರೊಡನೆ ಮಾತನಾಡುವ ರೀತಿ, ಸರ್ಕಾರಿ ವ್ಯವಸ್ಥೆಯ ಪರಿಚಯ ಎಲ್ಲವೂ ಈ ಒಂದು ಕೆಲಸದಲ್ಲಿವೆ.

ಸದ್ದಿಲ್ಲದ ಸೇವೆಗಳು

ಫೋಟೊದಲ್ಲಿ ಚೆನ್ನಾಗಿ ಕಾಣದ ಕೆಲಸಗಳಿಗೇ ಹೆಚ್ಚು ಕೈ ಬೇಕಿರುತ್ತದೆ.

ಪರೀಕ್ಷೆ ಬರೆದುಕೊಡುವುದು: ದೃಷ್ಟಿದೋಷವಿರುವ, ಕೈ ಬಳಸಲಾಗದ ವಿದ್ಯಾರ್ಥಿಗಳಿಗೆ ಪ್ರತಿ ಮಾರ್ಚ್‌ನಲ್ಲೂ ಬರಹಗಾರರು ಬೇಕಾಗುತ್ತಾರೆ. ಬರೆಯುವವರು ಸಾಮಾನ್ಯವಾಗಿ ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಆಯಾ ಮಂಡಳಿಯ ಸುತ್ತೋಲೆ ನೋಡಿ, ಅನುಮತಿ ಮೊದಲೇ ಪಡೆಯಿರಿ. ಕೆಲಸ ಕಂಡಷ್ಟು ಸರಳವಲ್ಲ. ಇಡೀ ಪ್ರಶ್ನೆಪತ್ರಿಕೆಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಪ್ರಶ್ನೆಯ ಜೊತೆ ಅಂಕವನ್ನೂ ಹೇಳಬೇಕು. ಹೇಳಿದ್ದನ್ನಷ್ಟೇ ಬರೆಯಬೇಕು, ತಪ್ಪೆನಿಸಿದರೂ ತಿದ್ದಬಾರದು. ಉಳಿದ ಸಮಯವನ್ನು ಆಗಾಗ ತಿಳಿಸಬೇಕು. ಪರೀಕ್ಷೆಗೆ ಮುನ್ನ ಇಬ್ಬರೂ ಕೂತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬರೆದು ಅಭ್ಯಾಸ ಮಾಡಿದರೆ ಮಾತಿನ ವೇಗ, ಬರವಣಿಗೆಯ ವೇಗ ಹೊಂದಿಕೊಳ್ಳುತ್ತದೆ.

ಅರಿವು ಕೇಂದ್ರದಲ್ಲಿ ಓದು: ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ವಾರಕ್ಕೆ ಎರಡು ಸಂಜೆ ಪಿಯು ವಿದ್ಯಾರ್ಥಿಯೊಬ್ಬರು ಅಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದಿದರೆ, ಓದಿಸಿದರೆ, ಬೀಗ ಬಿದ್ದಂತಿರುವ ಕಪಾಟುಗಳು ತೆರೆಯುತ್ತವೆ.

ಮತದಾರರ ಪಟ್ಟಿ: ಹದಿನೇಳು ತುಂಬಿದವರು ಹೆಸರು ಸೇರಿಸಲು ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. ಹದಿನೆಂಟು ತುಂಬುವುದಕ್ಕೆ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಕಾಲೇಜಿನ ಚುನಾವಣಾ ಸಾಕ್ಷರತಾ ಕ್ಲಬ್ ಜನವರಿ 25ರ ಮತದಾರರ ದಿನದಂದು ಪ್ರತಿಜ್ಞೆ ಬೋಧಿಸಿದರಷ್ಟೇ ಸಾಲದು. ದ್ವಿತೀಯ ಪಿಯು ತರಗತಿಯಲ್ಲಿ ಎಷ್ಟು ಜನರ ಹೆಸರು ಪಟ್ಟಿಗೆ ಸೇರಿತು ಎಂಬ ಸಂಖ್ಯೆಯನ್ನು ಅದು ಹೇಳುವಂತಿರಬೇಕು.

ರಕ್ತದಾನ: 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಗುರಿ ಮುಟ್ಟಿಸುವ ಭರಾಟೆಯಲ್ಲಿ ಪಿಯು ಮಕ್ಕಳನ್ನು ಸಾಲಿಗೆ ನಿಲ್ಲಿಸುವಂತಿಲ್ಲ. ದಾನಿಗಳ ರಕ್ತದ ಗುಂಪಿನ ಪಟ್ಟಿ ಮಾಡಿ ಕಾಲೇಜಿನಲ್ಲಿ ಇಟ್ಟುಕೊಳ್ಳುವುದು ಶಿಬಿರದಷ್ಟೇ ಉಪಯುಕ್ತ.

ಅರ್ಜಿ ಬರೆಯಲು ಕಲಿಸಿ

ಶಾಲೆಯ ಮುಂದಿನ ಕಸವನ್ನು ಮಕ್ಕಳು ವರ್ಷವಿಡೀ ಗುಡಿಸಬಹುದು. ಆದರೆ ಕಸದ ಗಾಡಿ ಆ ರಸ್ತೆಗೆ ಏಕೆ ಬರುತ್ತಿಲ್ಲ ಎಂದು ಕೇಳದಿದ್ದರೆ ಪೊರಕೆಗೆ ಬಿಡುವಿಲ್ಲ. ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳು 1976ರಲ್ಲಿ ಸೇರಿದವು. ಪರಿಸರವನ್ನು ಕಾಪಾಡುವುದು, ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವುದು, ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳುವುದು ಅವುಗಳಲ್ಲಿವೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಸಾಲುಗಳಿಗೆ ಜೀವ ಬರುವುದು ಮಗುವೊಂದು ಪಂಚಾಯಿತಿಗೆ ಅರ್ಜಿ ಬರೆದಾಗ.

ಅರ್ಜಿಯಲ್ಲಿ ಗೋಳು ಕಡಿಮೆ, ವಿವರ ಹೆಚ್ಚು ಇರಲಿ. ಒಂದು ಮಾದರಿ:

'ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ, ವಿಷಯ: ಬೀದಿದೀಪ ದುರಸ್ತಿ ಕುರಿತು. ಮಾನ್ಯರೇ, ನಮ್ಮ ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ 14 ದೀಪದ ಕಂಬಗಳಿವೆ. ಶಾಲೆಯಿಂದ ಎಣಿಸಿದರೆ 5, 6 ಮತ್ತು 11ನೇ ಕಂಬಗಳ ದೀಪ ಉರಿಯುತ್ತಿಲ್ಲ. ಜುಲೈ 8 ಮತ್ತು 15ರ ಸಂಜೆ ನಾವು ನೋಡಿದ್ದೇವೆ. ಸಂಜೆಯ ವಿಶೇಷ ತರಗತಿ ಮುಗಿಸಿ ಹೋಗುವ ಹತ್ತನೇ ತರಗತಿಯವರಿಗೆ ತೊಂದರೆಯಾಗಿದೆ. ದಯವಿಟ್ಟು ಸರಿಪಡಿಸಿಕೊಡಬೇಕಾಗಿ ವಿನಂತಿ.'

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಂಡು ಬಂದು ಫೈಲಿಗೆ ಸೇರಿಸಿ. ಎರಡು ವಾರದ ಬಳಿಕ ಮತ್ತೆ ವಿಚಾರಿಸಿ. ಕೆಲಸ ಆದರೆ ಧನ್ಯವಾದ ಪತ್ರ ಬರೆಯಿರಿ, ಆಗದಿದ್ದರೆ ನೆನಪೋಲೆ. ಸಾರ್ವಜನಿಕ ಕುಂದುಕೊರತೆಗೆ ರಾಜ್ಯದ ಸಹಾಯವಾಣಿ 1902 ಇದೆ ಎಂಬುದೂ ಮಕ್ಕಳಿಗೆ ಗೊತ್ತಿರಲಿ.

ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆ ಇದಕ್ಕೆ ಹೇಳಿಮಾಡಿಸಿದ ವೇದಿಕೆ. ಕುಂದಾಪುರ ಭಾಗದಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಯ ಪ್ರಯೋಗ ನಡೆದಿತ್ತು. ಇಂದಿನ ಮಕ್ಕಳ ಗ್ರಾಮಸಭೆಗಳಲ್ಲಿ ಒಮ್ಮೊಮ್ಮೆ ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಗಳನ್ನೇ ಮಕ್ಕಳು ಓದುತ್ತಾರೆ. ಹಾಗಾಗಲು ಬಿಡಬೇಡಿ. ಜೂನ್‌ನಲ್ಲಿ ಊರು ಸುತ್ತಿದ ನೋಟ್‌ಬುಕ್ ಹಿಡಿದೇ ಮಕ್ಕಳು ಸಭೆಗೆ ಹೋಗಲಿ. 'ಕಳೆದ ವರ್ಷದ ಸಭೆಯ ಅನುಪಾಲನಾ ವರದಿ ಓದಿ ಸರ್' ಎಂಬುದು ಅವರ ಮೊದಲ ಪ್ರಶ್ನೆಯಾಗಲಿ.

ಏಳು ದಿನದ ಶಿಬಿರ

ಬೆಳಗಿನ ಪ್ರಭಾತ ಫೇರಿ, ಶ್ರಮದಾನ, ಮಧ್ಯಾಹ್ನದ ಬೌದ್ಧಿಕ ಕಾರ್ಯಕ್ರಮ, ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮ, ತರಹೇವಾರಿ ಚಪ್ಪಾಳೆಗಳು. ಎನ್ನೆಸ್ಸೆಸ್ ಶಿಬಿರದ ಸೊಗಸೇ ಬೇರೆ. ಆ ಏಳು ದಿನ ಊರಿಗೂ ಲಾಭವಾಗಬೇಕಾದರೆ ಮೂರು ಮಾತು ನೆನಪಿಡಿ. ಶಿಬಿರಕ್ಕೆ ಮುನ್ನ ಊರಿಗೆ ಎರಡು ಮೂರು ಸಲ ಹೋಗಿ, ಏನು ಬೇಕೆಂದು ಊರವರನ್ನೇ ಕೇಳಿ. ಏಳು ದಿನದಲ್ಲಿ ಮುಗಿಯುವ ಒಂದು ಗಟ್ಟಿ ಕೆಲಸ ಹಿಡಿಯಿರಿ: ನಲ್ಲಿ ಕಟ್ಟೆಯ ಸುತ್ತ ಕೆಸರು ನಿಲ್ಲದಂತೆ ಇಂಗುಗುಂಡಿ, ಶಾಲೆಯ ಗೋಡೆಗೆ ಬಣ್ಣ ಮತ್ತು ನಕಾಶೆ, ಬತ್ತಿದ ಕಲ್ಯಾಣಿಯ ಗಿಡಗಂಟಿ ತೆಗೆಯುವುದು. ಶಿಬಿರ ಮುಗಿದ ತಿಂಗಳೊಳಗೆ ನಾಲ್ಕೈದು ಜನ ಹಿಂತಿರುಗಿ ಹೋಗಿ, ಮಾಡಿದ್ದು ಹೇಗಿದೆ ಎಂದು ನೋಡಿ ಬನ್ನಿ. 'ನನಗಲ್ಲ, ನಿನಗೆ' ಎಂಬ ಎನ್ನೆಸ್ಸೆಸ್ ಧ್ಯೇಯವಾಕ್ಯಕ್ಕೆ ಈ ಮೂರನೆಯ ಮಾತೇ ಒರೆಗಲ್ಲು.

ಮಾಡಬಾರದ್ದು

• ಶೌಚಾಲಯ, ಒಳಚರಂಡಿ ಸ್ವಚ್ಛತೆಗೆ ಮಕ್ಕಳನ್ನು ಹಚ್ಚಬಾರದು. ಒಡೆದ ಗಾಜು, ಸಿರಿಂಜು ಇರುವ ಕಸಕ್ಕೆ ಕೈ ಹಾಕಿಸಬಾರದು. ಉಳಿದ ಕಸಕ್ಕೂ ಕೈಗವಸು, ಬೂಟು ಕಡ್ಡಾಯ.
• ಕೆರೆ, ನದಿ, ಸಮುದ್ರದ ದಡದಲ್ಲಿ ಕೆಲಸವಿದ್ದರೆ ನೀರಿಗಿಳಿಯುವಂತಿಲ್ಲ. 'ಕೈಕಾಲು ತೊಳೆದು ಬರ್ತೀವಿ ಸರ್' ಎಂದರೂ ಒಬ್ಬ ಶಿಕ್ಷಕರು ಜೊತೆಗಿರಲೇಬೇಕು.
• ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹತ್ತಿರದ ಆಸ್ಪತ್ರೆಯ ದೂರವಾಣಿ ಇಲ್ಲದೆ ಹೊರಡಬಾರದು. ವಿದ್ಯಾರ್ಥಿನಿಯರಿರುವ ಶಿಬಿರದಲ್ಲಿ ಅಧ್ಯಾಪಕಿಯರು, ಬೀಗವಿರುವ ಕೊಠಡಿ, ಬೇರೆ ಶೌಚಾಲಯ ಇರಲೇಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಗೊತ್ತಿರಲಿ.
• ಮನೆ ಸಮೀಕ್ಷೆಯಲ್ಲಿ ಜಾತಿ, ಆದಾಯ, ಆಧಾರ್ ಸಂಖ್ಯೆ ಕೇಳಬಾರದು. ವೃದ್ಧಾಶ್ರಮ, ಅನಾಥಾಲಯಗಳಲ್ಲಿ ಬಾಳೆಹಣ್ಣು ಕೊಡುತ್ತಾ ಸೆಲ್ಫಿ ತೆಗೆಯಬಾರದು.
• ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಕಸ ಹೆಕ್ಕಿಸಬಾರದು. ಕೆಲಸವನ್ನು ಅವಮಾನವೆಂದು ಕಲಿಸಲು ಅದಕ್ಕಿಂತ ಚೆನ್ನಾದ ದಾರಿ ಇಲ್ಲ.

ಇನ್ನೊಂದು ವಿಷಯಕ್ಕೂ ಕಣ್ಣಿಡಿ. ಪೊರಕೆ ಯಾವಾಗಲೂ ಯಾರ ಕೈಗೆ ಹೋಗುತ್ತಿದೆ? ಆರತಿ ತಟ್ಟೆ, ರಂಗೋಲಿ ಹುಡುಗಿಯರಿಗೆ, ಮೈಕು ಹುಡುಗರಿಗೆ ಎಂದಾಗಿದೆಯೇ? ನೀರು ಹಂಚುವಾಗ ಕೆಲವು ಮಕ್ಕಳು ಹಿಂದೆ ಸರಿಯುತ್ತಿದ್ದಾರೆಯೇ? ಕೆಲಸದ ಸರದಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಎಲ್ಲ ಕೆಲಸವೂ ಎಲ್ಲರಿಗೂ ಬರಲಿ. ಜಾತಿ, ಲಿಂಗದ ಗೆರೆಗಳು ಭಾಷಣದಿಂದ ಅಳಿಯುವುದಕ್ಕಿಂತ ಹೆಚ್ಚು ಈ ಸರದಿಯಲ್ಲಿ ಅಳಿಯುತ್ತವೆ.

ಪುಸ್ತಕ ಮತ್ತು ಪ್ರಮಾಣಪತ್ರ

ಪ್ರತಿ ತಂಡಕ್ಕೆ ಒಂದು ಉದ್ದನೆಯ ನೋಟ್‌ಬುಕ್ ಕೊಡಿ. ದಿನಾಂಕ, ಜಾಗ, ಯಾರು ಯಾರು ಹೋದರು, ಎಷ್ಟು ಗಂಟೆ, ಏನು ಮಾಡಿದರು, ಏನು ಆಗಲಿಲ್ಲ, ಮುಂದೇನು. ಏಳೇ ಕಾಲಂ ಸಾಕು. 'ಏನು ಆಗಲಿಲ್ಲ' ಎಂಬ ಕಾಲಂ ಖಾಲಿ ಬಿಟ್ಟರೆ ಶಿಕ್ಷಕರು ಸಹಿ ಹಾಕಬಾರದು. ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಆ ಕಾಲಂ ಬಗ್ಗೆಯೇ ಚರ್ಚಿಸಿ.

ಪ್ರಮಾಣಪತ್ರದಲ್ಲೂ 'ಉತ್ಸಾಹದಿಂದ ಭಾಗವಹಿಸಿದ್ದಾರೆ' ಎಂಬ ಸವಕಲು ಸಾಲು ಬೇಡ. 'ಇವರು ಜುಲೈನಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ 40 ಮನೆಗಳ ಲಾರ್ವಾ ಸಮೀಕ್ಷೆ ನಡೆಸಿ, ವರದಿಯನ್ನು ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿದ್ದಾರೆ' ಎಂದು ಬರೆದುಕೊಡಿ. ಮುಂದೆ ಸಂದರ್ಶನದಲ್ಲಿ ಕೂತಾಗ ಅವರಿಗೆ ಹೇಳಲು ವಿಷಯವಿರುತ್ತದೆ. ಕೇಂದ್ರ ಸರ್ಕಾರದ 'ಮೈ ಭಾರತ್' ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಕಾಲೇಜಿನ ಹೊರಗಿನ ಅವಕಾಶಗಳೂ ತಿಳಿಯುತ್ತವೆ.

ಪೋಷಕರಿಗೆ

'ಓದೋದು ಬಿಟ್ಟು ಇದೆಲ್ಲ ಯಾಕೆ?' ಎಂಬ ನಿಮ್ಮ ಆತಂಕ ಅರ್ಥವಾಗುವಂಥದ್ದೇ, ಅದರಲ್ಲೂ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ವರ್ಷದಲ್ಲಿ. ಆ ಎರಡು ತರಗತಿಯವರಿಗೆ ಡಿಸೆಂಬರ್ ನಂತರ ಬಿಡುವು ಕೊಡಿ ಎಂದು ಶಾಲೆಯನ್ನು ಕೇಳಿ. ಉಳಿದ ದಿನಗಳಲ್ಲಿ ವಾರಕ್ಕೆ ಎರಡು ಮೂರು ಗಂಟೆಯಿಂದ ಅಂಕ ಕಳೆದುಹೋಗುವುದಿಲ್ಲ. ಮಗ ಅಥವಾ ಮಗಳು ಶಿಬಿರದಿಂದ ಬಂದಾಗ 'ಊಟ ಚೆನ್ನಾಗಿತ್ತಾ?' ಎಂದು ಕೇಳಿದ ಮೇಲೆ 'ಅಲ್ಲಿ ಯಾರ ಜೊತೆ ಮಾತಾಡಿದೆ?' ಎಂದೂ ಕೇಳಿ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವ ಹೊಣೆಯನ್ನು ಅವರಿಗೇ ವಹಿಸಿ, ನೀವೂ ಪಾಲಿಸಿ. ಶಾಲೆಯಲ್ಲಿ ಕಲಿತ ಶಿಸ್ತನ್ನು ಮನೆಯಲ್ಲಿ ದೊಡ್ಡವರೇ ಮುರಿದರೆ ಮಕ್ಕಳು ಎರಡನೆಯದನ್ನೇ ನಂಬುತ್ತಾರೆ.

ಎಲ್ಲಿಂದ ಶುರು ಮಾಡುವುದು?

ವರ್ಷದ ನಡುವೆ ಇದ್ದೀರಾದರೂ ಚಿಂತೆಯಿಲ್ಲ. ಈ ಶನಿವಾರ ಊರು ಸುತ್ತಿ, ಮುಂದಿನ ಶನಿವಾರ ಒಂದು ಕೆಲಸ ಆರಿಸಿ, ಆರು ಮಂದಿ ಸಿಕ್ಕರೆ ಆರೇ ಮಂದಿಯಿಂದ ಆರಂಭಿಸಿ. ಡಿಸೆಂಬರ್‌ನಲ್ಲಿ, ಹಿರಿಯ ವಿದ್ಯಾರ್ಥಿಗಳು ಪರೀಕ್ಷೆಗೆ ತಿರುಗುವ ಮೊದಲು, ನೋಟ್‌ಬುಕ್ಕನ್ನೂ ಸ್ವೀಕೃತಿ ಮುದ್ರೆಯಿರುವ ಅರ್ಜಿಗಳ ಫೈಲನ್ನೂ ಕಿರಿಯರಿಗೆ ಒಪ್ಪಿಸುವ ಸಣ್ಣ ಸಭೆ ಇಟ್ಟುಕೊಳ್ಳಿ. ಶಿಕ್ಷಕರಿಗೆ ವರ್ಗವಾಗಬಹುದು, ಕಾರ್ಯಕ್ರಮಾಧಿಕಾರಿ ಬದಲಾಗಬಹುದು. ಬಾಕಿ ಉಳಿದ ಅರ್ಜಿಗಳ ಪಟ್ಟಿ ಕಿರಿಯರ ಕೈಯಲ್ಲಿದ್ದರೆ ಮುಂದಿನ ಜೂನ್‌ನಲ್ಲಿ ಅವರು ಮೊದಲಿನಿಂದ ಶುರು ಮಾಡಬೇಕಾಗಿಲ್ಲ; ನೆನಪೋಲೆಯಿಂದಲೇ ಶುರು ಮಾಡಬಹುದು.